ಅವನು ಬಂದು ಅಳೆಯುವ ತನಕ

ನಮ್ಮ ನೆಲಮಾಳಿಗೆಯಿಂದ,
ಮಂಗಳವಾರ, ಮೇ ೧೪, ಬೆಳಗ್ಗೆ

ಪ್ರೀತಿಯ ಇವರೇ,

ಹೇಗಿದ್ದೀರಿ? ಕೆಮ್ಮು ಕಮ್ಮಿಯಾಯಿತೇ? ಹೋಗುವಾಗ ಚೀಲದಲ್ಲಿಟ್ಟ ಔಷಧಿ ಬಾಟಲಿಯ ಮುಚ್ಚಳವನ್ನಾದರೂ ತೆಗೆದಿರೋ, ಇಲ್ಲ ಹಾಗೇ ವಾಪಸು ತರುತ್ತೀರೋ? ಸುಂಟರಗಾಳಿಗೆ ಬಿದ್ದ ಮನೆಗಳನ್ನು ಅಳೆಯುತ್ತ ಓಡಾಡುವಾಗ ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ. ಹೋದ ಸಲ ಮೊಳೆ ಚುಚ್ಚಿಸಿಕೊಂಡು ಬಂದು ವಾರವೆಲ್ಲ ಕುಂಟಿದ್ದು ನೆನಪಿರಲಿ. ನಿಮ್ಮ ಅಮ್ಮ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ಇಬ್ಬರಿಗೂ ಒಂದು ಕೂದಲೂ ಕೊಂಕಿಲ್ಲ. ಇದನ್ನು ಎರಡು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗಿ.

ಮನೆ ಹೋಯಿತು ರೀ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿಮಗೂ ಗೊತ್ತು. ನಿನ್ನೆ ಮಧ್ಯಾಹ್ನ ಊಟದ ಪಾತ್ರೆ ತೊಳೆಯುತ್ತಿದ್ದೆ, ಸೈರನ್ ಕೂಗಿತು. ನೀವು ಹೇಳಿಕೊಟ್ಟ ಹಾಗೆ ಗ್ಯಾಸ್ ಆರಿಸಿ, ಟಾರ್ಚು ತೆಗೆದುಕೊಂಡು, ಅತ್ತೆಯ ಕೈ ಹಿಡಿದು ಕೆಳಗಿಳಿದೆ. ಅವರು ಮೆಟ್ಟಿಲ ಮಧ್ಯೆ ನಿಂತು ತಮ್ಮ ಕನ್ನಡಕದ ಡಬ್ಬಿ ಮೇಲೆಯೇ ಉಳಿಯಿತು ಅಂತ ಜಗಳ ತೆಗೆದರು. ಬಾಗಿಲು ಹಾಕಿ ಚಿಲಕ ಜಡಿದು ಇನ್ನೂ ಕೂತಿರಲಿಲ್ಲ, ಕಿವಿ ಎರಡೂ ಟಪ್ಪೆಂದು ಮುಚ್ಚಿಕೊಂಡವು. ನೀವು ಇಲ್ಲದಾಗ ಮನೆಗೆ ಫೋನು ಮಾಡುವವರೆಲ್ಲ ಕೇಳುತ್ತಾರಲ್ಲ, ಸುಂಟರಗಾಳಿ ಬಂದರೆ ರೈಲಿನ ಹಾಗೆ ಸದ್ದು ಬರುತ್ತದಂತೆ ಹೌದಾ ಎಂದು? ನಾನೂ ಇಷ್ಟು ವರ್ಷ ಹೌದು ಹೌದು ಎನ್ನುತ್ತಿದ್ದೆ. ನನಗೆ ಕೇಳಿಸಿದ್ದು ರೈಲಲ್ಲ. ಯಾರೋ ನಮ್ಮ ಬೀರು, ಮಂಚ, ಮೇಜು ಎಲ್ಲವನ್ನೂ ಒಟ್ಟಿಗೆ ನೆಲದ ಮೇಲೆ ದರದರನೆ ಎಳೆದುಕೊಂಡು ಹೋದ ಸದ್ದು. ಆಮೇಲೆ ನೋಡಿದರೆ ಆದದ್ದೂ ಅದೇ. ಹಾಲು ಉಕ್ಕಿ ಬರುವಷ್ಟು ಹೊತ್ತೂ ಆಗಿರಲಿಲ್ಲ, ಎಲ್ಲ ನಿಂತುಹೋಯಿತು. ನಾನು ಅತ್ತೆಯನ್ನು ತಬ್ಬಿಕೊಂಡಿದ್ದೆ. ಅವರೂ ನನ್ನನ್ನು ತಬ್ಬಿಕೊಂಡಿದ್ದರು. ಇದನ್ನು ಯಾರಿಗೂ ಹೇಳಬೇಡಿ, ಅವರಿಗೆ ನಾಚಿಕೆಯಾಗುತ್ತದೆ.

ಹಾಗಾದರೆ ಇನ್ನೂ ಯಾಕೆ ನೆಲಮಾಳಿಗೆಯಲ್ಲೇ ಕೂತಿದ್ದೀಯೇ ಮಾರಾಯ್ತಿ ಎಂದು ಕೇಳುತ್ತೀರಿ. ಕೇಳಿ. ಕೇಳಬೇಕಾದದ್ದೇ. ಮೆಟ್ಟಿಲ ಮೇಲಿನ ಬಾಗಿಲಿಗೆ ಅಡ್ಡವಾಗಿ ಸೂರಿನ ದೊಡ್ಡ ತೊಲೆ ಬಿದ್ದಿದೆ, ಅದರ ಮೇಲೆ ಒಂದಿಷ್ಟು ಇಟ್ಟಿಗೆ. ಬಾಗಿಲ ಮೇಲ್ಭಾಗದ ಹಲಗೆ ಒಡೆದು ಒಂದು ಕೈ ತೂರುವಷ್ಟು ಸಂದಾಗಿದೆ. ಗಾಳಿ, ಬೆಳಕು, ನೀರಿನ ಬಾಟಲಿ, ಬ್ರೆಡ್ಡು, ಎಲ್ಲ ಅದರಲ್ಲೇ ಬರಬೇಕು. ಗಾಳಿ ನಿಂತ ಸ್ವಲ್ಪ ಹೊತ್ತಿಗೇ ಎದುರುಮನೆ ವೆಲ್ಡರ್ ಬಂದು ಕೂಗಿ, ನಾವು ಬದುಕಿರುವುದು ಗೊತ್ತಾಗಿ ಅತ್ತೇಬಿಟ್ಟ. ಆಮೇಲೆ ಓಡಿಹೋಗಿ ಜಾಕು, ಸರಳು, ಹಗ್ಗ ತಂದ. ಇನ್ನೇನು ತೊಲೆಗೆ ಕೈ ಹಾಕಬೇಕು, ಅತ್ತೆ ಕೆಳಗಿನಿಂದ ಮೂರನೇ ಕ್ಲಾಸಿಗೆ ಪಾಠ ಹೇಳುವ ಗಂಟಲಿನಲ್ಲಿ ಗರ್ಜಿಸಿದರು. "ಯಾರೂ ಏನೂ ಮುಟ್ಟಬೇಡಿ! ನನ್ನ ಮಗ ಬಂದು ಅಳೆಯೋ ತನಕ ಇಲ್ಲಿ ಒಂದು ಕಡ್ಡಿ ಕದಲಬಾರದು!"

ಇದು ನಿಮ್ಮ ಬಾಯಿಂದಲೇ ಬಂದ ಮಾತು ಸ್ವಾಮೀ. ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದಿರಲ್ಲ, "ನಾವು ಹೋಗೋಷ್ಟರಲ್ಲಿ ಜನ ಗುಡಿಸಿ ಸಾರಿಸಿ ಇಟ್ಟಿರ್ತಾರೆ, ಇನ್ನೇನು ಅಳೆಯೋದು, ನನ್ನ ತಲೆ!" ಎಂದು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ನಿಮ್ಮ ಅಮ್ಮ ಬಿಟ್ಟಿಲ್ಲ. ನಿಮಗೋಸ್ಕರ ಇಡೀ ಅವಶೇಷಕ್ಕೆ ಕಾವಲು ಕೂತಿದ್ದಾರೆ, ಜೊತೆಗೆ ನನ್ನನ್ನೂ ಕೂರಿಸಿದ್ದಾರೆ. ಚಿಲಕ ಗಾಳಿಗೆ ಕಳಚಿಕೊಳ್ಳಬಾರದೆಂದು ಒಳಗಡೆ ಒಂದು ಬೀಗ ಹಾಕಿಸಿದ್ದಿರಲ್ಲ, ಅದನ್ನು ಜಡಿದು ಕೀಲಿಯನ್ನು ಕನ್ನಡಕದ ದಾರಕ್ಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡಿದ್ದಾರೆ. ವೆಲ್ಡರಿಗೆ ನಾನೇ ಕೂಗಿ ಹೇಳಿದೆ, ಅವರ ಮಾತು ಬಿಡಪ್ಪ, ಬಾಗಿಲು ಒಡೆದು ನಮ್ಮನ್ನು ಹೊರಗೆ ತೆಗಿ ಎಂದು. ಮೊಮ್ಮಗಳನ್ನು ಎತ್ತಿ ಆಡಿಸುವ ಗಂಡಸು, ಸಂದಿನ ಆಚೆ ನಿಂತು ಕೈ ಹಿಸುಕಿಕೊಂಡ. "ಅಕ್ಕಾ, ಟೀಚರಮ್ಮ ಒಂದು ಮಾತು ಹೇಳ್ಲಿ, ಚಿಟಿಕೆ ಹೊಡೆಯೋದ್ರಲ್ಲಿ ಎತ್ತಿಬಿಡ್ತೀನಿ" ಎಂದ. ಈ ಬೀದಿಯಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ನಿಮ್ಮ ಅಮ್ಮ, ಉಳಿದ ಅರ್ಧ ಜನಕ್ಕೆ ಕಿವಿ ಹಿಂಡಿದವರು. ಅವರು ಹೂಂ ಅನ್ನದೆ ಇಲ್ಲಿ ಯಾರ ಕೈಯೂ ಏಳುವುದಿಲ್ಲ.

ನನಗೆ ಉಸಿರು ಕಟ್ಟುತ್ತಿದೆ ರೀ. ತಮಾಷೆಯಾಗಿ ಬರೆಯುತ್ತಿದ್ದೇನೆ ಎಂದು ಮೋಸಹೋಗಬೇಡಿ. ಆಸ್ಪತ್ರೆಯ ಲಿಫ್ಟು ಒಮ್ಮೆ ಮಧ್ಯೆ ನಿಂತಾಗ ನಾನು ಬೆವೆತದ್ದನ್ನು ನೀವು ಎಷ್ಟು ದಿನ ಆಡಿಕೊಂಡು ನಕ್ಕಿರಿ. ಇದು ಲಿಫ್ಟಿಗಿಂತ ಮೂರು ಪಾಲು ದೊಡ್ಡದಿರಬಹುದು, ಅಷ್ಟೇ. ಒಂದು ಗೋಡೆಗೆ ಆಲೂಗಡ್ಡೆ ಮೂಟೆ, ಇನ್ನೊಂದಕ್ಕೆ ನಿಮ್ಮ ಚಕ್ರವಿಲ್ಲದ ಸೈಕಲ್ಲು, ಮೂಲೆಯಲ್ಲಿ ಹಳೆಯ ಪರದೆ ಕಟ್ಟಿ ಅದರ ಹಿಂದೆ ಬಕೆಟ್ಟು. ಬಕೆಟ್ಟಿನ ವಿಷಯ ನಾನು ಬರೆಯುವುದಿಲ್ಲ, ನೀವು ಕೇಳಬೇಡಿ. ಗೋಡೆ ತೇವ, ಕಂಬಳಿ ತೇವ, ಈ ಕಾಗದವೂ ತೇವ. ಹಳೆಯ ಕ್ಯಾಲೆಂಡರಿನ ಹಿಂಬದಿ ಇದು, ಬೇರೆ ಸಿಗಲಿಲ್ಲ. ಸಂದಿನ ಬೆಳಕು ಮೆಟ್ಟಿಲ ಮೇಲೆ ಬೀಳುವ ಕಡೆ ಕೂತು ಬರೆಯುತ್ತಿದ್ದೇನೆ. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದರೆ ಅತ್ತೆ, "ಸುಮ್ಮನೆ ಕೂತ್ಕೊಳ್ಳೇ, ಗಾಳಿ ಖರ್ಚಾಗುತ್ತೆ" ಎನ್ನುತ್ತಾರೆ. ಹೇಳಿ, ಇದನ್ನು ಕೇಳಿ ನಗಬೇಕೋ ಕಿರುಚಬೇಕೋ? ನಿನ್ನೆ ಸಂಜೆ ಒಂದು ಸಲ ಕಿರುಚಿಯೂ ಬಿಟ್ಟೆ. ಅವರು ತಮ್ಮ ಶಾಲನ್ನು ನನ್ನ ಕಾಲಿಗೆ ಹೊದಿಸಿದರು. ಕೀಲಿ ಮಾತ್ರ ಕೊಡಲಿಲ್ಲ.

ಮೊಬೈಲು ಸತ್ತಿದೆ, ಟವರೂ ಬಿದ್ದಿದೆಯಂತೆ. ಬ್ರೆಡ್ಡಿನ ವ್ಯಾನಿನವನು ನೀವಿರುವ ಊರಿಗೆ ಮಧ್ಯಾಹ್ನ ಹೋಗುತ್ತಾನಂತೆ, ಅವನ ಕೈಗೆ ಇದನ್ನು ಕೊಡುತ್ತೇನೆ. ಹಾಗಾಗಿ ಎಲ್ಲವನ್ನೂ ಬರೆದೇ ತೀರಬೇಕು.

ಹೊತ್ತು ಹೋಗಬೇಕಲ್ಲ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನನ್ನು ಪ್ರಶ್ನೆ ಕೇಳಲು ಶುರು ಮಾಡಿದರು, ಥೇಟು ಫೋನಿನಲ್ಲಿ ಜನ ಕೇಳುವ ಅದೇ ಮೂರು ಪ್ರಶ್ನೆ. ಸುಂಟರಗಾಳಿ ಎಷ್ಟು ದೊಡ್ಡದಿರುತ್ತೆ? ನಾನೂ ಫೋನಿನಲ್ಲಿ ಹೇಳುವ ಹಾಗೇ ಹೇಳಿದೆ. ಸಾಮಾನ್ಯವಾಗಿ ನೂರು ಮೀಟರಿನ ಆಸುಪಾಸು ಅಗಲ, ಅಪರೂಪಕ್ಕೆ ಒಂದೊಂದು ಎರಡು ಮೂರು ಕಿಲೋಮೀಟರ್ ಇರುವುದೂ ಉಂಟು, ಇನ್ನೂ ಹೆಚ್ಚಿನದ್ದೂ ಕಂಡದ್ದಿದೆ. ನಮ್ಮದು ಸಣಕಲು. ವೆಲ್ಡರ್ ಹೇಳಿದ ಪ್ರಕಾರ ಎರಡು ಮನೆ ಆಚೆ ತಂತಿಯ ಮೇಲೆ ಒಣಹಾಕಿದ ಬಟ್ಟೆ ಹಾಗೇ ಇದೆಯಂತೆ, ಒಂದು ಕ್ಲಿಪ್ಪೂ ಬಿದ್ದಿಲ್ಲ. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಎಷ್ಟು ವೇಗ? ಎರಡು ವೇಗ ಅತ್ತೆ, ಅದು ಮುಂದಕ್ಕೆ ಹೋಗುವುದು ಬಸ್ಸಿನ ಹಾಗೆ ಗಂಟೆಗೆ ಐವತ್ತು ಕಿಲೋಮೀಟರ್, ಒಮ್ಮೊಮ್ಮೆ ಅದರ ಎರಡರಷ್ಟು, ಒಮ್ಮೊಮ್ಮೆ ಇದ್ದಲ್ಲೇ ನಿಂತಿರುತ್ತದೆ. ಒಳಗೆ ಸುತ್ತುವ ಗಾಳಿಯ ವೇಗವೇ ಬೇರೆ. ಹೆಚ್ಚಿನವು ನೂರೆಂಬತ್ತರ ಒಳಗೆ, ಕೆಟ್ಟದ್ದಾದರೆ ನಾನೂರು ದಾಟುತ್ತದೆ. ಎಷ್ಟು ಶಕ್ತಿ? ಅದನ್ನು ನೋಡಿ ಹೇಳಲಾಗುವುದಿಲ್ಲ. ಹಗ್ಗದಂತೆ ತೆಳ್ಳಗಿರುವುದೂ ಘೋರವಾಗಿರಬಹುದು, ದಪ್ಪಗಿರುವುದೂ ಬರೀ ಹೆಂಚು ಹಾರಿಸಿ ಸುಮ್ಮನಾಗಬಹುದು. ಅದು ಹೋದ ಮೇಲೆ ನಿಮ್ಮ ಮಗನಂಥವರು ಹೋಗಿ, ಏನು ಮುರಿಯಿತು, ಮುರಿದದ್ದು ಎಷ್ಟು ಗಟ್ಟಿಯಿತ್ತು ಎಂದು ನೋಡಿ, ಸೊನ್ನೆಯಿಂದ ಐದರ ತನಕ ಒಂದು ಅಂಕ ಕೊಡುತ್ತಾರೆ.

ಅತ್ತೆಗೆ ಅಂಕ ಎಂದರೆ ಮೊದಲೇ ಪ್ರೀತಿ. "ಹಾಗಾದ್ರೆ ನಮ್ಮದಕ್ಕೆ ನಾಲ್ಕಾದ್ರೂ ಬರಬೇಕು" ಎಂದರು. "ನಿಮ್ಮ ಮಾವ ಕಟ್ಟಿದ ಮನೆ. ಸುಮ್ಮಸುಮ್ಮನೆ ಹಾರೋದಲ್ಲ." ಆಗ ನನಗೆ ಒಳಗಿನದು ಅರ್ಥವಾಯಿತು. ಈ ಕಾವಲು ನಿಮಗಾಗಿ ಅಲ್ಲ, ಮಾವನಿಗಾಗಿ. ಮನೆ ಹಾರಿದ್ದಕ್ಕೆ ದೊಡ್ಡ ಅಂಕ ಬಂದರೆ ಗಾಳಿಯ ತಪ್ಪು, ಸಣ್ಣ ಅಂಕ ಬಂದರೆ ಕಟ್ಟಿದ ಮೇಸ್ತ್ರಿಯ ತಪ್ಪು. ತೀರಿಕೊಂಡ ಗಂಡನ ಕೈಕೆಲಸಕ್ಕೆ ಮಗನ ಕೈಯಿಂದಲೇ ಮಾರ್ಕ್ಸ್ ಬೀಳಬೇಕು, ಬೇರೆಯವರಿಂದಲ್ಲ. ಸ್ವಂತದವರ ಮನೆಗೆ ಅಂಕ ಕೊಡಬಾರದು ಎಂದು ನಿಮ್ಮ ಆಫೀಸಿನಲ್ಲಿ ರೂಲ್ಸಿದೆ ಎಂದು ನಾನು ಹೇಳಿಯೂ ಹೇಳಿದೆ. "ಆ ರೂಲ್ಸು ಮಾಡ್ದೋರಿಗೆ ತಾಯಿ ಇರ್ಲಿಲ್ವೇನೋ" ಎಂದು ಮುಖ ತಿರುಗಿಸಿದರು. ಆಮೇಲೆ ಏನೂ ಆಗಿಲ್ಲವೆಂಬ ದನಿಯಲ್ಲಿ, "ಅಲ್ವೇ, ಮನೆ ಗಟ್ಟಿಯಿತ್ತು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು. ನಾನು ಯೋಚನೆಯೇ ಮಾಡದೆ, "ಗೋಡೆಯನ್ನ ಪಾಯಕ್ಕೆ ಬಿಗಿಯೋ ಬೋಲ್ಟು ನೋಡ್ತಾರೆ ಅತ್ತೆ, ಮೊದಲು ನೋಡೋದೇ ಅದು" ಎಂದುಬಿಟ್ಟೆ. ಅತ್ತೆ ಟಾರ್ಚು ಆರಿಸಿದರು. ಬ್ಯಾಟರಿ ಉಳಿಸಲಿಕ್ಕೆ ಎಂದರು.

ಇವತ್ತು ಬೆಳಗ್ಗೆ ವೆಲ್ಡರ್ ಚಹಾ ತಂದವನು, ನಾಳೆ ನಿಮ್ಮ ಆಫೀಸಿನಿಂದ ಇನ್ನೊಬ್ಬರು ಅಳೆಯಲು ಬರುತ್ತಾರಂತೆ ಎಂದ. ಯಾರೋ ಗೊತ್ತಿಲ್ಲ. ಕಡ್ಡಿಯಲ್ಲಿ ಸಿಮೆಂಟು ಕೆರೆದು ನೋಡುವವರೊಬ್ಬರಿದ್ದಾರೆ ಎಂದು ನೀವು ಹೇಳುತ್ತಿದ್ದಿರಲ್ಲ, ಅವರೇ ಇರಬೇಕು. ಅತ್ತೆಯ ಕೈಯಲ್ಲಿ ಚಹಾ ಹಾಗೇ ಆರಿಹೋಯಿತು. ವೆಲ್ಡರ್ ಇನ್ನೊಂದು ಮಾತೂ ಹೇಳಿದ. ಅವನ ಮನೆಯ ಸೂರು ಪೂರ್ತಿ ಹೋಗಿದೆ, ಗೋಡೆ ನಾಲ್ಕೂ ನಿಂತಿವೆ. ಅದೇ ಗಾಳಿ ರೀ, ನಡುವೆ ಬರೀ ಒಂದು ರಸ್ತೆ. ಅವನ ಮನೆ ಕಟ್ಟಿದ್ದೂ ಮಾವನೇ. ಪಕ್ಕದ ಮನೆಗಳನ್ನು ಹೋಲಿಸಿ ನೋಡಬೇಕು ಎಂದು ನೀವು ನನಗೆ ಹೇಳಿಕೊಡಬಾರದಿತ್ತು. ನಾನು ಮೆಟ್ಟಿಲ ಮೇಲೆ ಹೋಗಿ, ಸಂದಿಗೆ ಕಣ್ಣು ಹಚ್ಚಿ, ಅಡುಗೆಮನೆಯ ಮರದ ಗೋಡೆ ನಿಂತಿದ್ದ ಜಾಗವನ್ನು ನೋಡಿದೆ. ಕಾಂಕ್ರೀಟು ಚೊಕ್ಕವಾಗಿದೆ. ಅದರ ಅಂಚಿನ ಉದ್ದಕ್ಕೂ ಬಗ್ಗಿದ ಮೊಳೆಗಳು. ಬೋಲ್ಟು ಒಂದೂ ಇಲ್ಲ. ಬೋಲ್ಟು ಕಿತ್ತುಹೋದ ತೂತೂ ಇಲ್ಲ. ಇಷ್ಟು ವರ್ಷ ನಾನು ಮಲಗಿ ಎದ್ದ ಮನೆ ಬರೀ ಮೊಳೆಯ ಮೇಲೆ ನಿಂತಿತ್ತು.

ಕೆಳಗಿಳಿದು ಬಂದು ಅತ್ತೆಯ ಮುಖ ನೋಡಲಾಗಲಿಲ್ಲ. ಹಾಗಾಗಿ ಅವರು ಕೂತಿದ್ದ ಕಡೆ ನೋಡಿದೆ. ನಿನ್ನೆಯಿಂದ ಅವರು ಒಂದು ಹಳೆಯ ಬಣ್ಣದ ಡಬ್ಬದ ಮೇಲೆ ಕೂತಿದ್ದಾರೆ. ಕುರ್ಚಿ ಇದೆ, ಅದರಲ್ಲಿ ಕೂರುವುದಿಲ್ಲ. ನಿದ್ದೆ ಬಂದರೆ ಡಬ್ಬವನ್ನು ಪಕ್ಕಕ್ಕೆ ಎಳೆದುಕೊಂಡು ಮಲಗುತ್ತಾರೆ. ಈಗ್ಗೆ ಸ್ವಲ್ಪ ಹೊತ್ತಿನ ಕೆಳಗೆ ಅವರು ಜೋಂಪು ಹತ್ತಿ ಆಲೂಗಡ್ಡೆ ಮೂಟೆಗೆ ಒರಗಿದಾಗ ಮುಚ್ಚಳ ಎತ್ತಿ ನೋಡಿದೆ. ಎಣ್ಣೆ ಕಾಗದದಲ್ಲಿ ಸುತ್ತಿದ ಬೋಲ್ಟುಗಳು. ಬುಡ ಬಾಗಿದ, ಉದ್ದನೆಯ, ಪಾಯಕ್ಕೆ ಹಾಕುವ ಬೋಲ್ಟುಗಳು. ಒಂದಕ್ಕೂ ಸಿಮೆಂಟು ತಾಗಿಲ್ಲ. ಮತ್ತೆ ಮುಚ್ಚಿಟ್ಟು ಬಂದು ಈ ಕಾಗದ ಹಿಡಿದುಕೊಂಡು ಕೂತೆ.

ಈಗ ಹೇಳಿ, ನಾನೇನು ಮಾಡಲಿ? ಅವರಿಗೆ ಎಲ್ಲ ಗೊತ್ತಿದೆ. ನನಗೂ ಗೊತ್ತಾಗಿದೆ ಎಂಬುದು ಮಾತ್ರ ಗೊತ್ತಿಲ್ಲ. ಬಾಗಿಲು ತೆರೆದರೆ ಜನ ಬರುತ್ತಾರೆ, ಜನ ಬಂದರೆ ಕಾಣುತ್ತದೆ, ಅದಕ್ಕೇ ಈ ಬೀಗ. ಊರವರ ಮನೆಗೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೋಲ್ಟು ಬಿಗಿದ ಮನುಷ್ಯ ತನ್ನ ಮನೆಗೆ ಯಾಕೆ ಬಿಗಿಯಲಿಲ್ಲ ಎಂದು ನನಗೆ ತಿಳಿಯದು, ಕೇಳುವ ಧೈರ್ಯವೂ ಇಲ್ಲ. ನಿಮ್ಮ ಮೇಲೂ ಸಿಟ್ಟು ಬರುತ್ತಿದೆ. ಹೆರವರ ಮನೆಯ ಪಾಯವನ್ನೆಲ್ಲ ಮಂಡಿಯೂರಿ ನೋಡುವವರು ನಮ್ಮ ಮನೆಯದನ್ನು ಒಂದು ದಿನ ಬಗ್ಗಿ ನೋಡಲಿಲ್ಲವಲ್ಲ. ಅಪ್ಪ ಕಟ್ಟಿದ್ದು ಎಂಬ ನಂಬಿಕೆ. ಇರಲಿ, ಈಗ ಬೈದು ಏನು ಪ್ರಯೋಜನ. ನನಗೆ ಹೊರಗೆ ಬರಬೇಕು. ಅಷ್ಟೇ ಸಾಕು. ತಲೆಯ ಮೇಲೆ ಆಕಾಶ ಬೇಕು. ನೀವು ಅವರಿಗೊಂದು ಚೀಟಿ ಬರೆದು ಈ ವ್ಯಾನಿನವನ ಕೈಯಲ್ಲೇ ಕಳಿಸಿ. ಅಳತೆಯ ಮಾತು ಎತ್ತಬೇಡಿ. "ಅಮ್ಮಾ, ಹೊರಗೆ ಬಾ" ಎಂದು ಇಷ್ಟೇ ಬರೆಯಿರಿ. ನಿಮ್ಮ ಮಾತಲ್ಲದೆ ಬೇರೆ ಯಾರು ಜಪ್ಪಯ್ಯ ಎಂದರೂ ಅವರು ಕೀಲಿ ತೆಗೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆಗಿರುವ ಡ್ರೈವರಣ್ಣನಿಗೆ ನನ್ನ ನಮಸ್ಕಾರ ಹೇಳಿ, ನಿಧಾನ ಓಡಿಸಲು ಹೇಳಿ. ಅಮ್ಮನ ಆಶೀರ್ವಾದ. ಇದು ಅವರು ಹೇಳಿ ಬರೆಸಿದ್ದಲ್ಲ, ಗೊರಕೆ ಹೊಡೆಯುತ್ತಿದ್ದಾರೆ. ಎಚ್ಚರವಿದ್ದಿದ್ದರೆ ಖಂಡಿತ ಹೇಳುತ್ತಿದ್ದರೆಂದು ಅವರ ಪರವಾಗಿ ನಾನೇ ಬರೆದಿದ್ದೇನೆ.

ಇಂತಿ ನಿಮ್ಮ,
ನೆಲದ ಕೆಳಗಿನ ಹೆಂಡತಿ

ಮತ್ತೊಂದು ವಿಷಯ: ವ್ಯಾನಿನವನು ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಕಾಗದ ಮಡಿಸುತ್ತಿದ್ದೆ, ಗೊರಕೆ ನಿಂತಿತು. ಅತ್ತೆ ಕೈ ಚಾಚಿ, "ಕೊಡು, ಏನು ಬರೆದಿದ್ದೀಯ ನೋಡೋಣ" ಎಂದರು. ಟೀಚರ್ ಕೇಳಿದ ಮೇಲೆ ಕೊಡದೆ ಇರಲಾಗುತ್ತದೆಯೇ, ಕೊಟ್ಟೆ. ಪೂರ್ತಿ ಓದಿದರು. ಡಬ್ಬದ ವಿಷಯ ಬಂದಲ್ಲಿ ನಿಂತು ಇನ್ನೊಂದು ಸಲ ಓದಿದರು. ಅವರು ಬೈಯಲಿಲ್ಲ. "ಕಾಂಕ್ರೀಟು ಹಾಕಿದ ಮಾರನೇ ದಿನ ಬಂದ್ವು ಇವು" ಎಂದರು. "ಇವನ್ನ ಕೂರಿಸೋ ತನಕ ಕಾಯೋಣ, ಗೋಡೆ ಆಮೇಲೆ ಅಂದ್ರು ನಿಮ್ಮ ಮಾವ. ನಾನೇ ಬಿಡ್ಲಿಲ್ಲ. ಇವನು ಹೊಟ್ಟೇಲಿದ್ದ. ಬಾಡಿಗೆ ಮನೇಲಿ ಹುಟ್ಟೋದು ಬೇಡ, ನಮ್ಮ ಮನೇಲೇ ಹುಟ್ಟಲಿ ಅಂತ ಹಟ ಹಿಡಿದೆ. ಆಮೇಲೆ ತೂತು ಕೊರೆದು ಕೂರಿಸ್ತೀನಿ ಅಂತಿದ್ರು. ಊರವರ ಕೆಲಸ ಮುಗೀಲೇ ಇಲ್ಲ." ಆಮೇಲೆ ಮೆಟ್ಟಿಲು ಹತ್ತಿ ಸಂದಿನ ಹತ್ತಿರ ನಿಂತು ವೆಲ್ಡರನ್ನು ಕರೆದರು. "ನಿಮ್ಮನೆ ಗೋಡೆ ನಿಜವಾಗ್ಲೂ ನಿಂತಿದೆಯೇನೋ?" "ನಿಂತಿದೆ ಟೀಚರಮ್ಮ. ಮೇಸ್ತ್ರಿ ಹಾಕಿದ ಬೋಲ್ಟು ಒಂದೂ ಅಲುಗಿಲ್ಲ. ಮೊಮ್ಮಗಳು ಆ ಗೋಡೆ ಮೂಲೇಲೇ ಕೂತು ಬದುಕಿದ್ಲು." ಅದನ್ನು ಅವನಿಂದ ಇನ್ನೊಂದು ಸಲ ಹೇಳಿಸಿಕೊಂಡರು. ಹೇಳಿಸಿಕೊಂಡು ಕೊರಳಿನ ದಾರ ತೆಗೆದು ನನ್ನ ಕೈಗೆ ಹಾಕಿದರು ರೀ! ಬೀಗ ತೆಗೆದಿದ್ದೇನೆ. ಮೇಲೆ ಜಾಕು ಕಿರುಗುಟ್ಟುತ್ತಿದೆ, ಮಣ್ಣು ಕಾಗದದ ಮೇಲೇ ಉದುರುತ್ತಿದೆ. ಅತ್ತೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಹೊರಗೆ ಹೋದ ತಕ್ಷಣ ಅದನ್ನು ಎಲ್ಲರಿಗೂ ಕಾಣುವ ಹಾಗೆ ಕಾಂಕ್ರೀಟಿನ ಮೇಲೆ ಇಡಬೇಕಂತೆ, ನಾಳೆ ಬರುವವರು ಎರಡೋ ಒಂದೋ ಏನು ಬರುತ್ತದೋ ಬರೆದುಕೊಳ್ಳಲಿ, ಆಮೇಲೆ ಎದುರುಮನೆಯನ್ನೂ ನೋಡಿ ಹೋಗಲಿ ಎನ್ನುತ್ತಾರೆ. ನೀವು ಚೀಟಿ ಬರೆಯುವುದು ಬೇಡ, ನೀವೇ ಬನ್ನಿ. ಇದು ಅವರು ಹೇಳಿ ಬರೆಸುತ್ತಿರುವುದು: "ಅವನಿಗೆ ಬರಿ, ಹುಟ್ಟಿದ ಮನೆ ನೋಡೋಕೆ ಬರ್ಲಿ. ಟೇಪು ತರೋದು ಬೇಡ."